ಬೆಳಕು ಶಾಖವಾಗುವ ಲೆಕ್ಕ

ಬಿಸಿಲು ಬೆಳಗುತ್ತಿದ್ದ ಒಂದು ಮುಂಜಾನೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು ಹಿಮದ ಮೇಲೆ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಹಾಸಿದನು. ಕೆಲವು ಗಂಟೆಗಳಲ್ಲಿ ಕರಿಯ ತುಂಡು ತನ್ನಡಿಯ ಹಿಮವನ್ನು ಕರಗಿಸಿ, ಬಿಸಿಲು ತಾಗದಷ್ಟು ಆಳಕ್ಕೆ ಇಳಿದಿತ್ತು. ಕಡುನೀಲಿಯದು ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಬಿಳಿಯದು ಮಾತ್ರ ಇದ್ದಲ್ಲಿಯೇ ಇತ್ತು. ಇದನ್ನು ಅವನು 1761ರ ಪತ್ರವೊಂದರಲ್ಲಿ ಬಣ್ಣಿಸಿದ್ದಾನೆ. ಬೆಳಕನ್ನು ಯಾವ ಬಣ್ಣ ಹೆಚ್ಚು ಹೀರಿ ಶಾಖವಾಗಿಸುತ್ತದೆಂಬುದು ಇದರಿಂದ ತಿಳಿಯಿತು. ಎಷ್ಟು ಹೆಚ್ಚು ಎಂಬುದು ತಿಳಿಯಲಿಲ್ಲ.

ಅಳತೆಯ ಜಾಣ ಉಪಾಯವೊಂದನ್ನು ಫ್ರಾನ್ಸಿನ ಕ್ಲೋಡ್ ಪೂಯೆ 1838ರಲ್ಲಿ ಪ್ರಕಟಿಸಿದನು. ತೆಳು ಲೋಹದ ಚಪ್ಪಟೆ ಪಾತ್ರೆಯಲ್ಲಿ ನೀರು, ಬಿಸಿಲಿಗೊಡ್ಡುವ ಮುಖಕ್ಕೆ ದೀಪದ ಮಸಿ, ನೀರಿನೊಳಗೆ ಉಷ್ಣಮಾಪಕ. ಮಸಿಯು ಬಿದ್ದ ಬೆಳಕನ್ನೆಲ್ಲ ಹೀರುತ್ತದೆಂದು ಇಟ್ಟುಕೊಂಡು ಅವನು ಸೂರ್ಯನ ಶಾಖವನ್ನು ಅಳೆದನು. ಬಿಸಿಲಿನ ಪ್ರಮಾಣ ತಿಳಿದಿದ್ದರೆ, ಅದೇ ದಾರಿಯಲ್ಲಿ ಹಿಂದಿರುಗಿ ಲೇಪವನ್ನೇ ಅಳೆಯಬಹುದು.

ಪಾತ್ರೆಯ ಮುಖ 100 ಚದರ ಸೆಂಟಿಮೀಟರ್, ನೀರು 100 ಗ್ರಾಂ ಎಂದಿಟ್ಟುಕೊಳ್ಳೋಣ. ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ 1.4 ಕ್ಯಾಲೊರಿಯಷ್ಟು ಬಿಸಿಲು ನೇರವಾಗಿ ಬೀಳುತ್ತಿದ್ದರೆ, ಐದು ನಿಮಿಷಗಳಲ್ಲಿ ದೊರೆಯುವುದು 700 ಕ್ಯಾಲೊರಿ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕ್ಯಾಲೊರಿ ಬೇಕು. ನೀರು 5.4 ಡಿಗ್ರಿ ಏರಿದರೆ ಅದು ಪಡೆದದ್ದು 540 ಕ್ಯಾಲೊರಿ, ಅಂದರೆ ನೂರಕ್ಕೆ 77. ಪಾತ್ರೆ ಬಹು ತೆಳುವಾದ್ದರಿಂದ ಅದರ ಪಾಲನ್ನು ಇಲ್ಲಿ ಬಿಟ್ಟಿದೆ.

ಆದರೆ ಈ ಉತ್ತರ ತಪ್ಪು. ಕಾಯುತ್ತಿರುವಾಗಲೇ ಪಾತ್ರೆಯು ಸುತ್ತಲಿನ ಗಾಳಿಗೂ ಆಕಾಶಕ್ಕೂ ಶಾಖವನ್ನು ಬಿಟ್ಟುಕೊಡುತ್ತಿರುತ್ತದೆ. ಪೂಯೆಯ ಜಾಣ್ಮೆ ಕಾಣುವುದು ಇಲ್ಲಿಯೇ. ಬಿಸಿಲಿಗೆ ಒಡ್ಡುವ ಮುಂಚೆಯೂ ಒಡ್ಡಿದ ಬಳಿಕವೂ ಅವನು ಪಾತ್ರೆಯನ್ನು ನೆರಳಿನಲ್ಲಿರಿಸಿ, ಅದು ಎಷ್ಟು ತಣಿಯುತ್ತದೆಂದು ನೋಡಿದನು. ಎರಡರ ಸರಾಸರಿಯನ್ನು ಏರಿಕೆಗೆ ಕೂಡಿಸಿದನು. ನಮ್ಮ ಪಾತ್ರೆ ನೆರಳಿನ ಐದೈದು ನಿಮಿಷಗಳಲ್ಲಿ ಮೊದಲು 0.6, ಆಮೇಲೆ 1.4 ಡಿಗ್ರಿ ಇಳಿದರೆ ಸರಾಸರಿ 1 ಡಿಗ್ರಿ. ನಿಜವಾದ ಏರಿಕೆ 6.4 ಡಿಗ್ರಿ; ಶಾಖ 640 ಕ್ಯಾಲೊರಿ. ಲೇಪದ ದಕ್ಷತೆ ನೂರಕ್ಕೆ 77 ಅಲ್ಲ, 91!

ಪಾತ್ರೆಯನ್ನು ಬಿಸಿಲಿನಲ್ಲಿಯೇ ಬಿಟ್ಟರೆ ಅದು ಬಿಸಿಯಾದಷ್ಟೂ ಸೋರಿಕೆ ಹೆಚ್ಚುತ್ತದೆ. ಕೊನೆಗೆ ಬರುವ ಶಾಖವೂ ಹೋಗುವ ಶಾಖವೂ ಸರಿಸಮವಾಗಿ ಏರಿಕೆ ನಿಂತುಬಿಡುತ್ತದೆ. ಲೇಪವು ಆಗಲೂ ಮೊದಲಿನಷ್ಟೇ ಬೆಳಕನ್ನು ಹೀರುತ್ತಿರುತ್ತದೆ. ಉಷ್ಣಮಾಪಕವನ್ನಷ್ಟೇ ನಂಬಿದವನು ಮಾತ್ರ ಅದಕ್ಕೆ ಸೊನ್ನೆ ಅಂಕ ಕೊಟ್ಟಾನು.