ಮೊದಲು ಎದ್ದು ಹೋದವರು ಯಾರು?

2004ರ ಸೆಪ್ಟೆಂಬರ್ 29, ಬುಧವಾರ. ವಾಷಿಂಗ್ಟನ್‌ನ ಮೇಯರ್ ಆಂಟನಿ ವಿಲಿಯಮ್ಸ್ ಕೆಂಪು ಟೋಪಿ ತೊಟ್ಟು, ತಮ್ಮ ನಗರಕ್ಕೆ ಮತ್ತೆ ಬೇಸ್‌ಬಾಲ್ ಬರುತ್ತಿದೆ ಎಂದು ಸಂಭ್ರಮದಿಂದ ಸಾರಿದರು. ಬರುತ್ತಿದ್ದ ತಂಡ ಕೆನಡಾದ ಮಾಂಟ್ರಿಯಲ್ ಎಕ್ಸ್‌ಪೋಸ್. ಆ ತಂಡಕ್ಕೆ ಅದೇ ಸಂಜೆ ತವರಿನಲ್ಲಿ ಕೊನೆಯ ಪಂದ್ಯ. ಒಲಿಂಪಿಕ್ ಕ್ರೀಡಾಂಗಣಕ್ಕೆ 31,395 ಜನ ಬಂದಿದ್ದರು. ಹಿಂದಿನ ಕೆಲವು ವರ್ಷಗಳಲ್ಲಿ ಎಷ್ಟೋ ಪಂದ್ಯಗಳಿಗೆ ಐದಾರು ಸಾವಿರ ಜನವಷ್ಟೇ ಸೇರುತ್ತಿದ್ದ ಜಾಗ ಅದು. ಪಂದ್ಯದ ನಡುವೆ ಯಾರೋ ಎಸೆದ ಗಾಲ್ಫ್ ಚೆಂಡು ಅಂಗಳಕ್ಕೆ ಬಿದ್ದು ಆಟ ಸ್ವಲ್ಪ ಹೊತ್ತು ನಿಂತಿತು. ಎಕ್ಸ್‌ಪೋಸ್ 9-1ರಿಂದ ಸೋತಿತು. ಎದುರಾಳಿ ಫ್ಲಾರಿಡಾ ಮಾರ್ಲಿನ್ಸ್. ಅದರ ಮಾಲೀಕ ಜೆಫ್ರಿ ಲೋರಿಯಾ ಮೂರು ವರ್ಷಗಳ ಹಿಂದೆ ಇದೇ ಎಕ್ಸ್‌ಪೋಸ್‌ನ ಒಡೆಯರಾಗಿದ್ದವರು. ವೇಳಾಪಟ್ಟಿ ಮಾಡಿದವರಿಗೆ ಕುಚೋದ್ಯದ ಉದ್ದೇಶವೇನೂ ಇರಲಿಲ್ಲ, ಆದರೆ ಮಾಂಟ್ರಿಯಲ್ ಜನರಿಗೆ ಹಾಗನ್ನಿಸಿದ್ದರೆ ತಪ್ಪಲ್ಲ.

ಅಮೆರಿಕದಲ್ಲಿ ಕ್ರೀಡಾ ತಂಡಗಳು ಊರು ಬದಲಿಸುವುದು ಹೊಸದೇನಲ್ಲ. 1957ರ ಸೀಸನ್ ಮುಗಿಯುತ್ತಿದ್ದಂತೆ ಬ್ರೂಕ್ಲಿನ್ ಡಾಡ್ಜರ್ಸ್ ಲಾಸ್ ಏಂಜಲೀಸ್‌ಗೆ ಹೋಯಿತು, ನ್ಯೂಯಾರ್ಕ್ ಜೈಂಟ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ. ಸ್ವತಃ ವಾಷಿಂಗ್ಟನ್ ಎರಡು ಸಲ ತಂಡ ಕಳೆದುಕೊಂಡ ನಗರ. 1960ರ ಸೀಸನ್ ನಂತರ ಅದರ ಸೆನೆಟರ್ಸ್ ತಂಡ ಮಿನೆಸೋಟಾಕ್ಕೆ, 1971ರಲ್ಲಿ ಅದೇ ಹೆಸರಿನ ಇನ್ನೊಂದು ತಂಡ ಟೆಕ್ಸಾಸ್‌ಗೆ ಹೊರಟುಹೋಗಿತ್ತು. ಎರಡನೆಯ ತಂಡದ ಕೊನೆಯ ಪಂದ್ಯದಲ್ಲಂತೂ ಸಿಟ್ಟಾದ ಜನ ಅಂಗಳಕ್ಕೇ ನುಗ್ಗಿ, ಗೆಲ್ಲುತ್ತಿದ್ದ ಪಂದ್ಯವನ್ನು ತಮ್ಮ ತಂಡ ಬಿಟ್ಟುಕೊಡುವ ಹಾಗೆ ಮಾಡಿದ್ದರು. ಕಳೆದುಕೊಂಡ ನೋವು ಗೊತ್ತಿದ್ದ ನಗರವೇ 33 ವರ್ಷಗಳ ನಂತರ ಮತ್ತೊಂದು ನಗರದ ತಂಡವನ್ನು ಕರೆದೊಯ್ದಿತು.

ಮಾಂಟ್ರಿಯಲ್ ಬಗ್ಗೆ ಇಂದಿಗೂ ಕೇಳಿಬರುವ ವಿವರಣೆ ಒಂದೇ: ಅದು ಐಸ್ ಹಾಕಿ ಊರು, ಅಲ್ಲಿನ ಫ್ರೆಂಚ್ ಜನಕ್ಕೆ ಬೇಸ್‌ಬಾಲ್ ರುಚಿಸಲಿಲ್ಲ, ಕುರ್ಚಿಗಳು ಖಾಲಿಯಾದವು, ತಂಡ ಹೋಯಿತು. ಕೇಳಲು ಸರಳ. ಆದರೆ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ನೋಡುತ್ತ ಹೋದರೆ ಈ ವಿವರಣೆ ನಿಲ್ಲುವುದಿಲ್ಲ.

1946ರಲ್ಲಿ, ಬಿಳಿಯರಿಗಷ್ಟೇ ಮೀಸಲಾಗಿದ್ದ ವೃತ್ತಿಪರ ಬೇಸ್‌ಬಾಲ್‌ಗೆ ಜಾಕಿ ರಾಬಿನ್‌ಸನ್ ಕಾಲಿಟ್ಟದ್ದು ಮಾಂಟ್ರಿಯಲ್ ರಾಯಲ್ಸ್ ಎಂಬ ಕೆಳಹಂತದ ತಂಡದ ಮೂಲಕ. ಅಲ್ಲಿನ ಜನ ಅವರನ್ನು ತಲೆಯ ಮೇಲೆ ಹೊತ್ತರು. 1967ರ ವಿಶ್ವ ವಸ್ತುಪ್ರದರ್ಶನದಿಂದ ಹೆಸರು ಪಡೆದ ಎಕ್ಸ್‌ಪೋಸ್, 1969ರಲ್ಲಿ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಅಮೆರಿಕದ ಹೊರಗಿನ ಮೊದಲ ತಂಡವಾಯಿತು. ಜಾರಿ ಪಾರ್ಕ್ ಎಂಬ ಸಣ್ಣ ಮೈದಾನದಲ್ಲಿ ಎಂಟು ವರ್ಷ ಆಡಿತು. ಬಲಬದಿಯ ಗೋಡೆಯಾಚೆ ಸಾರ್ವಜನಿಕ ಈಜುಕೊಳ. ದೊಡ್ಡ ಹೊಡೆತಗಾರರ ಚೆಂಡು ಅದರಲ್ಲೂ ಬೀಳುತ್ತಿತ್ತು. 1982 ಮತ್ತು 1983ರಲ್ಲಿ ವರ್ಷಕ್ಕೆ 23 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಬಂದರು. ರುಚಿಯಿಲ್ಲದವರು ಇಷ್ಟು ಮಂದಿ ಬರುವುದಿಲ್ಲ.

ತೊಡಕು ಶುರುವಾದದ್ದು ಕಟ್ಟಡದಿಂದ. 1976ರ ಒಲಿಂಪಿಕ್ಸ್‌ಗೆಂದು ಊರಿನ ಪೂರ್ವ ತುದಿಯಲ್ಲಿ ಎದ್ದ ಆ ಕಾಂಕ್ರೀಟ್ ಕ್ರೀಡಾಂಗಣಕ್ಕೆ ತಂಡ 1977ರಲ್ಲಿ ಸ್ಥಳಾಂತರಗೊಂಡಿತು. ತೆರೆದು ಮುಚ್ಚಬೇಕಾದ ಚಾವಣಿ ಬಂದದ್ದೇ 1987ರಲ್ಲಿ, ಬಂದ ಮೇಲೂ ನೆಟ್ಟಗೆ ಕೆಲಸ ಮಾಡಲಿಲ್ಲ. 1991ರ ಸೆಪ್ಟೆಂಬರ್‌ನಲ್ಲಿ 55 ಟನ್ ತೂಕದ ತೊಲೆ ಕಳಚಿ ಬಿತ್ತು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ, ಆದರೆ ಆ ವರ್ಷದ ಉಳಿದ ತವರಿನ ಪಂದ್ಯಗಳನ್ನೆಲ್ಲ ತಂಡ ಎದುರಾಳಿಗಳ ಊರಲ್ಲಿ ಆಡಬೇಕಾಯಿತು. ಈ ಕಟ್ಟಡದ ಸಾಲ ಕ್ವಿಬೆಕ್ ಜನ ತಂಬಾಕಿನ ಮೇಲೆ ಕೊಟ್ಟ ತೆರಿಗೆಯಿಂದ ಪೂರ್ತಿ ತೀರಿದ್ದು 2006ರಲ್ಲಿ. ಅಷ್ಟು ಹೊತ್ತಿಗೆ ತಂಡ ಹೋಗಿ ಎರಡು ವರ್ಷವಾಗಿತ್ತು.

ಮೊದಲ ಮಾಲೀಕ ಚಾರ್ಲ್ಸ್ ಬ್ರಾನ್ಫ್‌ಮನ್ ಮದ್ಯದ ಉದ್ಯಮದ ದೊಡ್ಡ ಮನೆತನದವರು. 1991ರಲ್ಲಿ ಅವರು ತಂಡ ಮಾರಿದಾಗ ಕೊಂಡದ್ದು ಕ್ಲಾಡ್ ಬ್ರೋಷು ನೇತೃತ್ವದ ಒಂದು ಗುಂಪು. ಹಲವರು ಸೇರಿ ಪಾಲು ಹಾಕಿದ್ದರೇ ವಿನಾ ಕಷ್ಟ ಬಂದಾಗ ಕೈಯಿಂದ ಹಣ ಹಾಕುವ ಮನಸ್ಸು ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಟಿಕೆಟ್ ಮಾರಿದ ಹಣ ಕೆನಡಾ ಡಾಲರ್‌ನಲ್ಲಿ, ಆಟಗಾರರ ಸಂಬಳ ಅಮೆರಿಕದ ಡಾಲರ್‌ನಲ್ಲಿ. ಕೆನಡಾ ಡಾಲರ್ ಕುಸಿಯುತ್ತ ಹೋಗಿ 2002ರ ಆರಂಭಕ್ಕೆ ಅಮೆರಿಕದ 62 ಸೆಂಟ್ ಆಸುಪಾಸಿಗೆ ಇಳಿದಿತ್ತು.

ಇಷ್ಟೆಲ್ಲ ಇದ್ದೂ 1994ರಲ್ಲಿ ಆ ತಂಡ ಆಡಿದ ಆಟ! ಮ್ಯಾನೇಜರ್ ಫೆಲಿಪೆ ಅಲೂ ಕೈಯಲ್ಲಿ ಪೆಡ್ರೊ ಮಾರ್ಟಿನೆಜ್, ಲ್ಯಾರಿ ವಾಕರ್, ಮಾರ್ಕಿಸ್ ಗ್ರಿಸಮ್, ಮೊಯಿಸೆಸ್ ಅಲೂ. ಸಂಬಳದ ಪಟ್ಟಿಯಲ್ಲಿ ತಳದ ಸಾಲಿನಲ್ಲಿದ್ದ ತಂಡ ಆಗಸ್ಟ್ ಹೊತ್ತಿಗೆ 74 ಗೆದ್ದು 40 ಸೋತು, ಬೇಸ್‌ಬಾಲ್‌ನಲ್ಲೇ ಎಲ್ಲರಿಗಿಂತ ಮುಂದಿತ್ತು. ತನ್ನ ವಿಭಾಗದಲ್ಲಿ ಎರಡನೆಯ ಸ್ಥಾನದಲ್ಲಿದ್ದ ಅಟ್ಲಾಂಟಾಕ್ಕಿಂತ ಆರು ಪಂದ್ಯ ಮುಂದೆ. ಆಗಸ್ಟ್ 12ಕ್ಕೆ ಆಟಗಾರರ ಮುಷ್ಕರ. ಉಳಿದ ಸೀಸನ್ ರದ್ದು, ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಕೂಡ ರದ್ದು. 1904ರ ನಂತರ ಹಾಗಾದದ್ದು ಅದೇ ಮೊದಲು. 36 ವರ್ಷಗಳಲ್ಲಿ ಎಕ್ಸ್‌ಪೋಸ್ ಪ್ರಶಸ್ತಿ ಸುತ್ತಾದ ಪ್ಲೇಆಫ್ ಕಂಡದ್ದು 1981ರಲ್ಲಿ ಮಾತ್ರ, ಅದೂ ಮುಷ್ಕರದಿಂದ ಎರಡು ತುಂಡಾದ ಸೀಸನ್‌ನಲ್ಲಿ. ಒಂದು ಮುಷ್ಕರ ಕೊಟ್ಟದ್ದನ್ನು ಇನ್ನೊಂದು ಬಡ್ಡಿಸಮೇತ ಕಿತ್ತುಕೊಂಡಿತು.

ಮುಷ್ಕರ ಮುಗಿದದ್ದೇ ತಡ, 1995ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಗ್ರಿಸಮ್, ಕೆನ್ ಹಿಲ್, ಜಾನ್ ವೆಟ್‌ಲ್ಯಾಂಡ್ ಬೇರೆ ತಂಡಗಳ ಪಾಲಾದರು. ವಾಕರ್‌ನನ್ನು ಉಳಿಸಿಕೊಳ್ಳುವ ಪ್ರಯತ್ನವೇ ಆಗಲಿಲ್ಲ. 1997ರಲ್ಲಿ ಲೀಗ್‌ನ ಅತ್ಯುತ್ತಮ ಪಿಚರ್ (ಚೆಂಡು ಎಸೆಯುವವ) ಪ್ರಶಸ್ತಿ ಗೆದ್ದ ಮಾರ್ಟಿನೆಜ್‌ನನ್ನು ಅದೇ ಚಳಿಗಾಲದಲ್ಲಿ ಬಾಸ್ಟನ್‌ಗೆ ಕಳಿಸಲಾಯಿತು. ಜನ ಒಂದು ತಂಡವನ್ನು ಪ್ರೀತಿಸುವುದು ಆಟಗಾರರ ಮುಖದ ಮೂಲಕ. ಪ್ರತಿ ವರ್ಷ ಆ ಮುಖಗಳನ್ನೇ ಮಾರಿ, ನಮ್ಮನ್ನು ನೋಡಲು ಯಾರೂ ಬರುತ್ತಿಲ್ಲ ಎಂದು ದೂರುವುದಕ್ಕೆ ಎಷ್ಟು ಧೈರ್ಯ ಬೇಕು!

ಮುಂದಿನದು ಲೋರಿಯಾ ಅಧ್ಯಾಯ. ನ್ಯೂಯಾರ್ಕಿನ ಈ ಕಲಾಕೃತಿ ವ್ಯಾಪಾರಿ 1999ರ ಕೊನೆಯಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಪಾಲು ಕೊಂಡರು. ತಂಡಕ್ಕೆ ಇನ್ನಷ್ಟು ಹಣ ಹಾಕಿ ಎಂದು ಅವರು ಕೇಳಿದಾಗೆಲ್ಲ ಉಳಿದ ಪಾಲುದಾರರು ಹಿಂದೆ ಸರಿದರು, ಅವರ ಪಾಲು ಶೇ 90 ದಾಟಿತು. ಪ್ರಸಾರದ ಹಕ್ಕಿನ ಜಗಳದಿಂದ 2000ದ ಸೀಸನ್‌ನಲ್ಲಿ ಇಂಗ್ಲಿಷ್ ರೇಡಿಯೊ, ಟಿವಿಯಲ್ಲಿ ಎಕ್ಸ್‌ಪೋಸ್ ಇರಲೇ ಇಲ್ಲ. ನಗರದ ನಡುವೆ ಹೊಸ ಮೈದಾನ ಕಟ್ಟುವ ಯೋಜನೆಯೂ ಬಿದ್ದುಹೋಯಿತು. 2001ರ ನವೆಂಬರ್‌ನಲ್ಲಿ ಮೇಜರ್ ಲೀಗ್ ಮಾಲೀಕರು 28-2 ಮತಗಳಿಂದ ಎರಡು ತಂಡಗಳನ್ನು ಮುಚ್ಚಲು ತೀರ್ಮಾನಿಸಿದರು. ಎಲ್ಲರ ಕಣ್ಣು ಎಕ್ಸ್‌ಪೋಸ್ ಮತ್ತು ಮಿನೆಸೋಟಾದ ಮೇಲೆ. ಕ್ರೀಡಾಂಗಣದ ಬಾಡಿಗೆ ಕರಾರು ಇರುವುದರಿಂದ ಆಡಲೇಬೇಕು ಎಂದು ಮಿನೆಸೋಟಾದ ನ್ಯಾಯಾಲಯ ಹೇಳಿತು. ಎರಡು ತಂಡಗಳನ್ನು ಒಟ್ಟಿಗೇ ಮುಚ್ಚಬೇಕಿದ್ದರಿಂದ, ಆ ಒಂದು ಆದೇಶದಿಂದ ಮಾಂಟ್ರಿಯಲ್‌ಗೂ ಜೀವದಾನ.

2002ರ ಫೆಬ್ರವರಿಯಲ್ಲಿ ಲೀಗ್ ತಾನೇ 12 ಕೋಟಿ ಡಾಲರ್ ಕೊಟ್ಟು ಎಕ್ಸ್‌ಪೋಸ್ ಕೊಂಡಿತು. ಲೋರಿಯಾ 15.85 ಕೋಟಿಗೆ ಮಾರ್ಲಿನ್ಸ್ ಕೊಂಡರು. ನಡುವಿನ ಅಂತರಕ್ಕೆ ಲೀಗ್‌ನಿಂದಲೇ ಸಾಲ. ಮಾರ್ಲಿನ್ಸ್ ಮಾರಿದ ಜಾನ್ ಹೆನ್ರಿ ಬಾಸ್ಟನ್ ರೆಡ್ ಸಾಕ್ಸ್‌ನ ಒಡೆಯರಾದರು. ಮೂವರೂ ಕುರ್ಚಿ ಬದಲಿಸಿ ಕೂತರು, ಕುರ್ಚಿ ಸಿಗದೆ ನಿಂತದ್ದು ಮಾಂಟ್ರಿಯಲ್. ಲೋರಿಯಾ ಜೊತೆ ಸಿಬ್ಬಂದಿ, ಕಂಪ್ಯೂಟರ್, ಆಟಗಾರರ ಕುರಿತ ಗುಪ್ತ ವರದಿಗಳು ಕೂಡ ಫ್ಲಾರಿಡಾ ಸೇರಿದವು.

ಈಗ ಎಕ್ಸ್‌ಪೋಸ್‌ನ ಮಾಲೀಕರು ಉಳಿದ 29 ತಂಡಗಳು. ಎದುರಾಳಿ ಗೆಲ್ಲಲಿ ಎಂದು ಯಾವ ತಂಡ ದುಡ್ಡು ಖರ್ಚು ಮಾಡೀತು? ಮ್ಯಾನೇಜರ್ ಫ್ರ್ಯಾಂಕ್ ರಾಬಿನ್‌ಸನ್, ಜನರಲ್ ಮ್ಯಾನೇಜರ್ ಓಮರ್ ಮಿನಾಯಾ ಈ ವಿಚಿತ್ರ ಸ್ಥಿತಿಯಲ್ಲೂ 2002 ಮತ್ತು 2003ರಲ್ಲಿ 83-79ರ ಸಾಧನೆ ತೋರಿಸಿದರು. ಮುಂದಿನ ವರ್ಷ ತಂಡ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿ ಮಿನಾಯಾ, ಪಿಚರ್ ಬಾರ್ಟೊಲೊ ಕೊಲೋನ್‌ಗಾಗಿ ಕ್ಲಿಫ್ ಲೀ, ಗ್ರೇಡಿ ಸೈಜ್‌ಮೋರ್, ಬ್ರ್ಯಾಂಡನ್ ಫಿಲಿಪ್ಸ್‌ರಂಥ ಎಳೆಯರನ್ನು ಕೊಟ್ಟುಬಿಟ್ಟರು. ಮೂವರೂ ಮುಂದೆ ತಾರೆಗಳಾದರು. ಭವಿಷ್ಯವೇ ಇಲ್ಲ ಎಂದವರು ಭವಿಷ್ಯವನ್ನು ಕೂಡಿಡುವುದಾದರೂ ಯಾಕೆ?

2003ರಲ್ಲಿ ಲೀಗ್ ‘ತವರಿನ’ 22 ಪಂದ್ಯಗಳನ್ನು ಸುಮಾರು 3,000 ಕಿಲೋಮೀಟರ್ ದೂರದ ಪೋರ್ಟೊ ರಿಕೊದ ಸಾನ್ ಹುವಾನ್‌ಗೆ ಒಯ್ದಿತು. ಆದರೂ ಆಗಸ್ಟ್ ಕೊನೆಗೆ ಎಕ್ಸ್‌ಪೋಸ್ ಪ್ಲೇಆಫ್ ಪೈಪೋಟಿಯಲ್ಲಿತ್ತು. ಫಿಲಡೆಲ್ಫಿಯಾವನ್ನು ಸತತ ನಾಲ್ಕು ಪಂದ್ಯಗಳಲ್ಲಿ ಸೋಲಿಸಿತ್ತು. ಸೆಪ್ಟೆಂಬರ್ 1ರಿಂದ 25 ಜನರ ತಂಡವನ್ನು 40ರವರೆಗೆ ಹಿಗ್ಗಿಸಲು ನಿಯಮವಿತ್ತು. ಎಲ್ಲರೂ ಕೆಳಹಂತದಿಂದ ಹೊಸ ಆಟಗಾರರನ್ನು ಕರೆಸಿಕೊಂಡರು. ಎಕ್ಸ್‌ಪೋಸ್ ಕೇಳಿದಾಗ ಲೀಗ್ ದುಡ್ಡಿಲ್ಲ ಎಂದಿತು. ಲೀಗ್‌ನ ವಹಿವಾಟಿನಲ್ಲಿ ಅದು ಲೆಕ್ಕಕ್ಕೇ ಬಾರದ ಮೊತ್ತ. ದಣಿದ ತಂಡ ಜಾರಿತು. ನನ್ನ ಮಟ್ಟಿಗೆ ಎಕ್ಸ್‌ಪೋಸ್ ಮುಗಿದದ್ದು ಆ ವಾರ. 2004 ಬರೀ ವಿಧಿವಿಧಾನ.

ಹಾಗಾಗಿ ಕೊನೆಯ ಸೀಸನ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ತಂಡದ ಕಣ್ಮಣಿ ವ್ಲಾಡಿಮಿರ್ ಗೆರೆರೊ ಅನಾಹೈಮ್ ಸೇರಿ ಅದೇ ವರ್ಷ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರನಾದ. ಜುಲೈ 31ಕ್ಕೆ ಒರ್ಲಾಂಡೊ ಕಬ್ರೆರಾ ಬಾಸ್ಟನ್‌ಗೆ ಹೋಗಿ, ಮೂರು ತಿಂಗಳಲ್ಲಿ ವರ್ಲ್ಡ್ ಸೀರೀಸ್ ಗೆದ್ದ. ಎಕ್ಸ್‌ಪೋಸ್ 67 ಗೆದ್ದು 95 ಸೋತಿತು. ಇಡೀ ವರ್ಷ ಬಂದ ಜನ ಸುಮಾರು ಏಳೂವರೆ ಲಕ್ಷ. ಕೊನೆಯ ರಾತ್ರಿ 1994ರ ತಂಡಕ್ಕೆ ಗೌರವ ಸಲ್ಲಿಸಲಾಯಿತು. ಅಕ್ಟೋಬರ್ 3ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಮೆಟ್ಸ್ ವಿರುದ್ಧ 8-1ರ ಸೋಲಿನೊಂದಿಗೆ ಆಟ ಮುಗಿಯಿತು. 1969ರಲ್ಲಿ ಇದೇ ಮೆಟ್ಸ್ ವಿರುದ್ಧ, ಇದೇ ಅಂಗಳದಲ್ಲಿ, 11-10ರಿಂದ ಗೆದ್ದು ಶುರು ಮಾಡಿದ್ದರು.

ವಾಷಿಂಗ್ಟನ್ ನಗರ ಸಾರ್ವಜನಿಕ ಹಣದಿಂದ 60 ಕೋಟಿ ಡಾಲರ್‌ಗೂ ಮೀರಿದ ಮೈದಾನ ಕಟ್ಟಿಕೊಡಲು ಒಪ್ಪಿತು. ನ್ಯಾಷನಲ್ಸ್ ಎಂದು ಹೆಸರಾದ ತಂಡವನ್ನು 2006ರಲ್ಲಿ ಲೀಗ್ 45 ಕೋಟಿಗೆ ಲರ್ನರ್ ಕುಟುಂಬಕ್ಕೆ ಮಾರಿತು. ನಷ್ಟದ ತಂಡವನ್ನು ಹೊತ್ತು ಸಾಕಿದ್ದೆವು ಎಂದು ಮಾಲೀಕರು ಹೇಳುತ್ತಿದ್ದರು. ನಾಲ್ಕು ವರ್ಷದಲ್ಲಿ ಬೆಲೆ ಮಾತ್ರ ಮೂರೂಮುಕ್ಕಾಲು ಪಟ್ಟು ಏರಿತ್ತು. ನ್ಯಾಷನಲ್ಸ್ 2019ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಎಕ್ಸ್‌ಪೋಸ್‌ನ ತುಪ್ಪುಳು ವೇಷದ ಯುಪ್ಪಿ ಎಂಬ ಕಿತ್ತಳೆ ಬಣ್ಣದ ಗೊಂಬೆ ಮಾಂಟ್ರಿಯಲ್‌ನ ಹಾಕಿ ತಂಡ ಕೆನೆಡಿಯನ್ಸ್‌ನಲ್ಲಿ ಕೆಲಸ ಹಿಡಿಯಿತು.

ಬೇಸ್‌ಬಾಲನ್ನು ಮಾಂಟ್ರಿಯಲ್‌ಗೆ ಮರಳಿ ತರುವ ಪ್ರಯತ್ನವೂ ನಡೆಯಿತು. ಮೊದಲ ಮಾಲೀಕ ಬ್ರಾನ್ಫ್‌ಮನ್ ಅವರ ಮಗ ಸ್ಟೀಫನ್ ಮುಂದೆ ನಿಂತು, ಟ್ಯಾಂಪಾ ಬೇ ತಂಡ ಅರ್ಧ ಸೀಸನ್ ಫ್ಲಾರಿಡಾದಲ್ಲಿ, ಅರ್ಧ ಮಾಂಟ್ರಿಯಲ್‌ನಲ್ಲಿ ಆಡುವ ಪ್ರಸ್ತಾಪ ಮಾಡಿದ್ದರು. ಅದನ್ನು 2022ರ ಜನವರಿಯಲ್ಲಿ ಲೀಗ್ ತಳ್ಳಿಹಾಕಿತು.