ವಿಡಿಯೊ ಕೆವೈಸಿಗೆ ನಕಲಿ ಮುಖ
ಪ್ರಶ್ನೆ: ಡೀಪ್‌ಫೇಕ್ ಮುಖ ತೋರಿಸಿ ನನ್ನ ಹೆಸರಿನಲ್ಲಿ ಬೇರೆಯವರು ಬ್ಯಾಂಕ್ ಖಾತೆ ತೆರೆಯಬಹುದೇ?

ಉತ್ತರ: ಪ್ರಯತ್ನಿಸಬಹುದು, ತಡೆಗಳೂ ಇವೆ. 2020ರ ಜನವರಿಯಲ್ಲಿ ವಿಡಿಯೊ ಕೆವೈಸಿಗೆ, ಅಂದರೆ ವಿಡಿಯೊ ಕರೆಯಲ್ಲೇ ಗ್ರಾಹಕರ ಗುರುತು ಪರಿಶೀಲಿಸುವುದಕ್ಕೆ, ಅನುಮತಿ ಕೊಟ್ಟ ರಿಸರ್ವ್ ಬ್ಯಾಂಕ್, ಕರೆಯಲ್ಲಿ ಬ್ಯಾಂಕ್ ಸಿಬ್ಬಂದಿಯೇ ಇರಬೇಕು, ಪ್ರಶ್ನೆಗಳ ಕ್ರಮ ಬದಲಾಗುತ್ತಿರಬೇಕು, ಗ್ರಾಹಕ ಭಾರತದೊಳಗೇ ಇರಬೇಕು ಎನ್ನುತ್ತದೆ. ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಎಂದರಷ್ಟೇ ಈಗ ಸಾಲದು. ನಕಲಿ ಮುಖವೂ ಅದನ್ನು ಮಾಡುತ್ತದೆ. ಇನ್ನೂ ದೊಡ್ಡ ಅಪಾಯವೆಂದರೆ, ವಂಚಕರು ಕ್ಯಾಮೆರಾವನ್ನೇ ಬದಿಗೊತ್ತಿ, ತಂತ್ರಾಂಶದ ಮೂಲಕ ಸಿದ್ಧ ವಿಡಿಯೊವನ್ನು ನೇರವಾಗಿ ಆ್ಯಪ್‌ಗೆ ತುರುಕುತ್ತಾರೆ. ದೃಶ್ಯ ನಿಜವಾದ ಕ್ಯಾಮೆರಾದಿಂದಲೇ ಬಂತೇ ಎಂಬುದನ್ನೂ ಪರೀಕ್ಷಿಸಬೇಕು. ಆದರೆ ಪರೀಕ್ಷೆ ಬಿಗಿಯಾದಷ್ಟೂ ಅಗ್ಗದ ಫೋನು, ಕುಂಟುವ ನೆಟ್‌ವರ್ಕ್‌ನ ಹಳ್ಳಿಯವರು ಹೊರಗುಳಿಯುತ್ತಾರೆ. ನನಗೆ ಇದೂ ಅಷ್ಟೇ ಕಳವಳದ ಸಂಗತಿ. ಅವರಿಗೆ ಶಾಖೆಯಲ್ಲೇ ಖಾತೆ ತೆರೆಯುವ ದಾರಿ ಮುಚ್ಚಬಾರದು. ನೀವಂತೂ ಗುರುತು ದೃಢೀಕರಿಸಲು ಬರುವ ಆಧಾರ್ ಒಟಿಪಿಯನ್ನು ಯಾರಿಗೂ ಹೇಳಬೇಡಿ.