ಹನ್ನೆರಡು ವೋಲ್ಟ್ ಎಲ್ಲಿ ಹೋಯ್ತು? ಸ್ಲಾಟ್ ಕಾರ್ ಟ್ರ್ಯಾಕ್‌ಗೆ ವೈರಿಂಗ್ ಮಾಡಿದ ಕಥೆ

ಕಳೆದ ಸೆಮಿಸ್ಟರ್‌ನಲ್ಲಿ ನಾವು ಐದು ಜನ ಸೇರಿ ಒಂದು ಸ್ಲಾಟ್ ಕಾರ್ ಟ್ರ್ಯಾಕ್ ಮಾಡಿದ್ವಿ. ನಮ್ಮಲ್ಲಿ ಮೂವರು ಕೆಜಿಎಫ್‌ನವರು, ಇಬ್ಬರು ಬಂಗಾರಪೇಟೆಯವರು. ಟ್ರ್ಯಾಕ್ ರೆಡಿ ಆದ ಮಾರನೇ ದಿನವೇ ಬಂಗಾರಪೇಟೆಯ ಒಂದು ಶಾಲೆಯ ಮಕ್ಕಳಿಗೆ ತೋರಿಸೋಕೆ ತಗೊಂಡು ಹೋದ್ವಿ. ಎರಡು ಲೇನ್, ಎರಡೂ ಒಂದೇ ಥರದ ಕಾರು. ಆದ್ರೆ ಎರಡನೇ ಲೇನ್‌ನಲ್ಲಿ ನಿಂತವರೆಲ್ಲ ಸೋತರು. ಒಬ್ಬಳು ಹುಡುಗಿ, ಏಳನೇ ಕ್ಲಾಸ್ ಇರಬೇಕು, ಮೂರು ಸಲ ಸೋತು ಕಂಟ್ರೋಲರ್ ವಾಪಸ್ ಕೊಟ್ಟು, "ನಂಗೆ ಬರಲ್ಲ ಅಣ್ಣ, ಬೇರೆ ಯಾರಿಗಾದ್ರೂ ಕೊಡಿ" ಅಂದ್ಲು.

ಅವಳಿಗೆ ಚೆನ್ನಾಗೇ ಬರ್ತಿತ್ತು. ವೈರಿಂಗ್ ಬರದೇ ಇದ್ದಿದ್ದು ನಮಗೆ. ಅವತ್ತು ಅದು ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಯ್ತು. ನೀವೂ ಇಂಥ ಟ್ರ್ಯಾಕ್ ಮಾಡೋದಾದ್ರೆ ನಮ್ಮ ತಪ್ಪು ನಿಮಗೆ ಬೇಡ ಅಂತ ಈ ಲೇಖನ.

ಸ್ಲಾಟ್ ಕಾರ್ ಅಂದ್ರೆ ಏನು?

ಇದು ರಿಮೋಟ್ ಕಾರ್ ಅಲ್ಲ. ಕಾರಿನೊಳಗೆ ಬ್ಯಾಟರಿ ಇಲ್ಲ, ಸ್ಟೀರಿಂಗ್ ಕೂಡ ಇಲ್ಲ. ಟ್ರ್ಯಾಕ್‌ನಲ್ಲಿ ಒಂದು ಸಣ್ಣ ಸೀಳು ಇರುತ್ತೆ, ಕಾರಿನ ಕೆಳಗಿನ ಪ್ಲಾಸ್ಟಿಕ್ ಗೈಡ್ ಅದರೊಳಗೆ ಕೂರುತ್ತೆ. ಸೀಳಿನ ಎರಡೂ ಕಡೆ ತಾಮ್ರದ ಪಟ್ಟಿ. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್. ಗೈಡ್‌ನ ಎರಡು ಬದಿಯಲ್ಲಿರುವ ತಾಮ್ರದ ಎಳೆಗಳ ಜಡೆ ಈ ಪಟ್ಟಿಗಳನ್ನ ಸವರಿಕೊಂಡು ಹೋಗುತ್ತೆ, ಕರೆಂಟ್ ಮೋಟರ್‌ಗೆ ಸೇರುತ್ತೆ. ನಿಮ್ಮ ಕೈಯಲ್ಲಿ ಇರೋದು ವೇಗ ಒಂದೇ. ತಿರುವಿನಲ್ಲಿ ಜಾಸ್ತಿ ಕೊಟ್ರೆ ಕಾರು ಹಾರುತ್ತೆ. ಬ್ರಿಟನ್‌ನಲ್ಲಿ ಸ್ಕೇಲೆಕ್ಸ್‌ಟ್ರಿಕ್ ಅನ್ನೋ ಬ್ರ್ಯಾಂಡ್ 1957ರಿಂದ ಇದನ್ನ ಮನೆಮನೆಗೆ ತಲುಪಿಸ್ತು.

ನಾವು ರೆಡಿಮೇಡ್ ಸೆಟ್ ತಗೊಳ್ಳಲಿಲ್ಲ. ಎಂಡಿಎಫ್ ಹಲಗೆಯಲ್ಲಿ ರೌಟರ್‌ನಿಂದ ಸೀಳು ಕೊರೆದು, 5 ಮಿ.ಮೀ. ಅಗಲದ ಕಾಪರ್ ಟೇಪ್ ಅಂಟಿಸಿದ್ವಿ. ಒಂದು ಸುತ್ತು 12 ಮೀಟರ್. ಕರೆಂಟ್‌ಗೆ 12 ವೋಲ್ಟ್, 5 ಆಂಪಿಯರ್ ಎಸ್‌ಎಂಪಿಎಸ್. ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡ್‌ನಲ್ಲಿ ಒಂದು ಶನಿವಾರ ಪೂರ್ತಿ ಅಲೆದು ಎಲ್ಲ ತಂದ್ವಿ.

ತಪ್ಪು ಎಲ್ಲಿತ್ತು?

ಟೇಪ್ ಸ್ಟಾರ್ಟ್ ಲೈನ್‌ನಲ್ಲಿ ಶುರುವಾಗಿ, ಸುತ್ತು ಬಂದು, ಅಲ್ಲೇ ಮುಗಿಯುತ್ತೆ. ಆ ಎರಡು ತುದಿ ಸೇರಬೇಕು. ಮೊದಲನೇ ಲೇನ್‌ಗೆ ನೀಟಾಗಿ ಸೋಲ್ಡರ್ ಹಾಕಿದ್ವಿ. ಎರಡನೇ ಲೇನ್‌ಗೆ ಬರೋಷ್ಟರಲ್ಲಿ ರಾತ್ರಿ ಎರಡು ಗಂಟೆ. ಒಂದರ ಮೇಲೊಂದು ಅಂಟಿಸಿ ಮಲಗಿದ್ವಿ. ಟೇಪ್ ತಾಮ್ರದ್ದೇ, ಆದ್ರೆ ಅದರ ಹಿಂದಿನ ಗೋಂದು ತಾಮ್ರ ಅಲ್ಲ. ನಮ್ಮ ಟೇಪಿನ ಗೋಂದಿನಲ್ಲಿ ಕರೆಂಟ್ ಹೋಗ್ತಾ ಇರಲಿಲ್ಲ. ಅಂದ್ರೆ ಎರಡನೇ ಲೇನ್ ಸುತ್ತು ಆಗಿರಲೇ ಇಲ್ಲ. ಅದು 12 ಮೀಟರ್ ಉದ್ದದ ಒಂದು ಬಾಲ ಆಗಿತ್ತು.

ಲೆಕ್ಕ ನೋಡಿ. 35 ಮೈಕ್ರಾನ್ ದಪ್ಪ, 5 ಮಿ.ಮೀ. ಅಗಲದ ತಾಮ್ರಕ್ಕೆ ಮೀಟರಿಗೆ ಸುಮಾರು 0.1 ಓಮ್ ರೆಸಿಸ್ಟೆನ್ಸ್. ಬಾಲದ ತುದಿಗೆ ಹೋಗೋಕೆ 12 ಮೀಟರ್, ವಾಪಸ್ ಬರೋಕೆ 12 ಮೀಟರ್. ಒಟ್ಟು 2.4 ಓಮ್. ಕಾರು 1 ಆಂಪಿಯರ್ ಎಳೆದ್ರೆ 2.4 ವೋಲ್ಟ್ ದಾರಿಯಲ್ಲೇ ಖರ್ಚು. ಕಾರಿಗೆ ಸಿಗೋದು 9.6 ಮಾತ್ರ. ಸರಿಯಾಗಿ ಸೇರಿದ ಮೊದಲನೇ ಲೇನ್‌ನಲ್ಲಿ ಅತಿ ದೂರದ ಜಾಗ ಅಂದ್ರೆ 6 ಮೀಟರ್, ಅದಕ್ಕೂ ಎಡದಿಂದ ಒಂದು ದಾರಿ, ಬಲದಿಂದ ಒಂದು ದಾರಿ. ಪ್ಯಾರಲಲ್ ಆದ್ದರಿಂದ ಒಟ್ಟು 0.6 ಓಮ್ ಅಷ್ಟೇ.

ಇನ್ನೂ ಒಂದು ಮೋಸ ಇತ್ತು. ಎರಡನೇ ಲೇನ್‌ನ ಕಾರು ಹೋಗ್ತಾ ಹೋಗ್ತಾ ನಿಧಾನ ಆಗುತ್ತೆ. ಆಡೋರು ಟ್ರಿಗರ್ ಪೂರ್ತಿ ಒತ್ತುತ್ತಾರೆ. ಸ್ಟಾರ್ಟ್ ಲೈನ್ ದಾಟಿದ ಕೂಡಲೇ ಪೂರ್ತಿ 12 ವೋಲ್ಟ್ ಸಿಕ್ಕಿ ಕಾರು ಜಿಗಿಯುತ್ತೆ, ಮೊದಲ ತಿರುವಿನಲ್ಲೇ ಹಾರುತ್ತೆ. ಆ ಹುಡುಗಿಗೆ ಮೂರು ಸಲವೂ ಆಗಿದ್ದು ಇದೇ.

ಹಾಗಾದ್ರೆ ನಾವು ಅಳೆದಿರಲಿಲ್ವಾ? ಅಳೆದಿದ್ವಿ. ಹಿಂದಿನ ರಾತ್ರಿ ಮಲ್ಟಿಮೀಟರ್ ಹಿಡಿದು ಟ್ರ್ಯಾಕ್ ಪೂರ್ತಿ ನೋಡಿದಾಗ ಎಲ್ಲಾ ಕಡೆ 12.1 ವೋಲ್ಟ್. ತಪ್ಪು ಹಿಡಿದಿದ್ದು ನಮ್ಮ ಗುಂಪಿನ ಒಬ್ಬನ ತಾತ. ಅವರು ಗಣಿಯ ಎಲೆಕ್ಟ್ರಿಕಲ್ ಸೆಕ್ಷನ್‌ನಲ್ಲಿದ್ದವರು. ನಾವು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದ್ರು: "ಲೋಡ್ ಕೊಟ್ಟು ಅಳೆದ್ರೇನ್ರೋ?"

ಲೋಡ್ ಇಲ್ಲದಿದ್ರೆ ಕರೆಂಟ್ ಇಲ್ಲ. ಕರೆಂಟ್ ಇಲ್ಲದಿದ್ರೆ ಡ್ರಾಪ್ ಕೂಡ ಇಲ್ಲ. ಓಮ್ಸ್ ಲಾ ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೇವೋ! ಸ್ಕೂಟರ್ ಇಂಡಿಕೇಟರ್‌ನ 12 ವೋಲ್ಟ್, 10 ವ್ಯಾಟ್ ಬಲ್ಬ್ ಒಂದನ್ನ ಪಟ್ಟಿಗಳ ಮೇಲೆ ಇಟ್ಟು ಅಳೆದ್ವಿ. ಶುರುವಿನಲ್ಲಿ 12.1, ತುದಿಯಲ್ಲಿ 10.3. ಮೀಟರ್ ಬೇಕಾಗೇ ಇರಲಿಲ್ಲ, ಬಲ್ಬ್ ಮಂಕಾಗೋದು ಕಣ್ಣಿಗೇ ಕಾಣ್ತಿತ್ತು.

147 ಕಿ.ಮೀ. ದೂರದ ಅದೇ ಪ್ರಶ್ನೆ

ದೂರಕ್ಕೆ ಕರೆಂಟ್ ಕಳಿಸಿದ್ರೆ ದಾರಿಯಲ್ಲಿ ಖರ್ಚಾಗುತ್ತೆ ಅನ್ನೋ ಪ್ರಶ್ನೆಯನ್ನ ನಮ್ಮೂರು 1902ರಲ್ಲೇ ನೋಡಿದೆ. ಗಣಿ ಇರೋದು ಕೆಜಿಎಫ್‌ನಲ್ಲಿ, ನೀರು ಬೀಳೋದು ಕಾವೇರಿಯ ಶಿವನಸಮುದ್ರದಲ್ಲಿ. ಮಧ್ಯೆ ಸುಮಾರು 147 ಕಿ.ಮೀ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಈ ಯೋಜನೆಯ ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್. 1902ರ ಜೂನ್‌ನಲ್ಲಿ ಕರೆಂಟ್ ಗಣಿಗೆ ಬಂತು. ಬೆಂಗಳೂರಿನ ಬೀದಿ ದೀಪಗಳಿಗೆ ಬಂದಿದ್ದು 1905ರಲ್ಲಿ!

ಅವರು ಮಾಡಿದ ಉಪಾಯ ವೋಲ್ಟೇಜ್ ಏರಿಸೋದು. 12 ವ್ಯಾಟ್ ಕಳಿಸಬೇಕು ಅಂದ್ಕೊಳ್ಳಿ. 12 ವೋಲ್ಟ್‌ನಲ್ಲಿ ಕಳಿಸಿದ್ರೆ 1 ಆಂಪಿಯರ್ ಬೇಕು. ತಂತಿ 1 ಓಮ್ ಇದ್ರೆ 1 ವ್ಯಾಟ್ ಶಾಖವಾಗಿ ಹೋಯ್ತು. ಅದನ್ನೇ 120 ವೋಲ್ಟ್‌ನಲ್ಲಿ ಕಳಿಸಿದ್ರೆ 0.1 ಆಂಪಿಯರ್ ಸಾಕು, ನಷ್ಟ 0.01 ವ್ಯಾಟ್. ವೋಲ್ಟೇಜ್ ಹತ್ತು ಪಟ್ಟು, ನಷ್ಟ ನೂರರಲ್ಲಿ ಒಂದು. ಅದಕ್ಕೇ ಶಿವನಸಮುದ್ರದಿಂದ ಹತ್ತಾರು ಸಾವಿರ ವೋಲ್ಟ್‌ನಲ್ಲಿ ಕಳಿಸಿ, ಗಣಿಯ ಹತ್ತಿರ ಟ್ರಾನ್ಸ್‌ಫಾರ್ಮರ್‌ನಲ್ಲಿ ಇಳಿಸಿದ್ರು.

ನಮ್ಮ ಕಾರಿನ ಮೋಟರ್ 12 ವೋಲ್ಟಿನದು, ಒಳಗೆ ಟ್ರಾನ್ಸ್‌ಫಾರ್ಮರ್ ಕೂರಿಸೋಕಾಗಲ್ಲ. ನಮಗೆ ಉಳಿದದ್ದು ಒಂದೇ ದಾರಿ, ರೆಸಿಸ್ಟೆನ್ಸ್ ಇಳಿಸೋದು.

ಸರಿ ಮಾಡಿದ್ದು ಹೀಗೆ

ಮೊದಲು ಎಲ್ಲ ಜಾಯಿಂಟ್‌ಗೂ ಸೋಲ್ಡರ್. ಆಮೇಲೆ ಹಲಗೆಯ ಅಡಿಯಲ್ಲಿ ಪ್ರತಿ ಲೇನ್‌ಗೂ 1.5 ಚದರ ಮಿ.ಮೀ. ತಾಮ್ರದ ವೈರ್‌ನ ಎರಡು ರಿಂಗ್, ಒಂದು ಪ್ಲಸ್‌ಗೆ, ಒಂದು ಮೈನಸ್‌ಗೆ. ಮನೆ ವೈರಿಂಗ್‌ಗೆ ಬಳಸೋ ವೈರೇ ಸಾಕು. ಇದರ ರೆಸಿಸ್ಟೆನ್ಸ್ ನಮ್ಮ ಟೇಪಿನ ಒಂಬತ್ತರಲ್ಲಿ ಒಂದು ಭಾಗ ಮಾತ್ರ. ಪ್ರತಿ 3 ಮೀಟರಿಗೆ ಒಂದು ತೂತು ಕೊರೆದು, ರಿಂಗ್‌ನಿಂದ ಪಟ್ಟಿಗೆ ಒಂದು ಟ್ಯಾಪ್. ಈಗ ಕಾರು ಎಲ್ಲೇ ಇದ್ರೂ ಒಂದೂವರೆ ಮೀಟರ್ ಒಳಗೆ ಟ್ಯಾಪ್ ಇದೆ. 1 ಆಂಪಿಯರ್‌ಗೆ ಡ್ರಾಪ್ ಕಾಲು ವೋಲ್ಟ್‌ಗಿಂತ ಕಡಿಮೆ.

ಎರಡು ಲೇನ್‌ಗೆ ಬೇರೆಬೇರೆ ವೈರ್ ಎಳೆದದ್ದಕ್ಕೂ ಕಾರಣ ಇದೆ. ಮೊದಲು ಎರಡಕ್ಕೂ ಸೇರಿ ಒಂದೇ ತೆಳು ವೈರ್ ಇತ್ತು. ಒಬ್ಬರ ಕಾರು ಹಾರಿದ್ರೆ ಆ ವೈರ್‌ನಲ್ಲಿನ ಡ್ರಾಪ್ ಇಳಿದು, ಇನ್ನೊಬ್ಬರ ಕಾರು ಇದ್ದಕ್ಕಿದ್ದಂತೆ ಜಿಗಿಯೋದು. ಪಕ್ಕದವನ ತಪ್ಪಿಗೆ ನಮಗೆ ಶಿಕ್ಷೆ! ಈಗ ಪ್ರತಿ ಲೇನ್‌ನ ವೈರ್ ನೇರವಾಗಿ ಎಸ್‌ಎಂಪಿಎಸ್‌ನಿಂದಲೇ ಹೊರಡುತ್ತೆ.

ಕಂಟ್ರೋಲರ್ ಮತ್ತು ಬ್ರೇಕ್

ಹಳೇ ಥರದ ಕಂಟ್ರೋಲರ್ ಅಂದ್ರೆ ಟ್ರಿಗರ್‌ಗೆ ಕಟ್ಟಿದ ರಿಯೋಸ್ಟ್ಯಾಟ್. ನಾವು ಆರ್ಡುಯಿನೋದಿಂದ ಪಿಡಬ್ಲ್ಯೂಎಂ ಮಾಡಿ ಮಾಸ್ಫೆಟ್ ಮೂಲಕ ಓಡಿಸ್ತೀವಿ. ಇಲ್ಲಿ ಎರಡು ಎಚ್ಚರ. ಐಆರ್‌ಎಫ್‌ಝಡ್44 ಅನ್ನ 5 ವೋಲ್ಟ್ ಪೂರ್ತಿ ಆನ್ ಮಾಡಲ್ಲ, ಅದು ಕಾಯುತ್ತೆ. ಐಆರ್‌ಎಲ್‌ಝಡ್44 ಥರದ ಲಾಜಿಕ್ ಲೆವೆಲ್‌ದು ತಗೊಳ್ಳಿ. ಮೋಟರ್ ಲೈನ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ, ಇಲ್ಲದಿದ್ರೆ ಮೋಟರ್‌ನ ಕಾಯಿಲ್ ಹಿಂದಕ್ಕೆ ಒದ್ದು ಮಾಸ್ಫೆಟ್ ಸಾಯುತ್ತೆ.

ಬ್ರೇಕ್ ನಮಗೆ ತುಂಬಾ ಇಷ್ಟವಾದ ಭಾಗ. ಟ್ರಿಗರ್ ಬಿಟ್ಟ ತಕ್ಷಣ ಒಂದು ಮೈಕ್ರೋಸ್ವಿಚ್ ಎರಡೂ ಪಟ್ಟಿಗಳನ್ನ ಶಾರ್ಟ್ ಮಾಡುತ್ತೆ. ಸಪ್ಲೈಯನ್ನಲ್ಲ, ಸಪ್ಲೈ ಬಿಡಿಸಿದ ಮೇಲೆ ಮೋಟರನ್ನ! ತಿರುಗ್ತಾ ಇರೋ ಮೋಟರ್ ಆಗ ಜನರೇಟರ್ ಆಗಿ, ತನ್ನ ಕರೆಂಟ್‌ನಿಂದ ತನ್ನನ್ನೇ ತಡೆಯುತ್ತೆ. ಸ್ವಿಚ್‌ನ ಕಾಮನ್ ಟ್ರ್ಯಾಕ್‌ಗೆ, ಒತ್ತಿದಾಗ ಮಾಸ್ಫೆಟ್‌ಗೆ, ಬಿಟ್ಟಾಗ ಇನ್ನೊಂದು ಪಟ್ಟಿಗೆ. ಎರಡೂ ಒಟ್ಟಿಗೆ ಆಗೋ ಚಾನ್ಸೇ ಇಲ್ಲ.

ಲ್ಯಾಪ್ ಎಣಿಸೋಕೆ ಸೀಳಿನ ಅಡಿಯಲ್ಲಿ ಒಂದು ಐಆರ್ ಸೆನ್ಸರ್ ಸಾಕು. ಬಿಸಿಲು ನೇರವಾಗಿ ಬಿದ್ರೆ ಎಣಿಕೆ ತಪ್ಪುತ್ತೆ, ಮೇಲೊಂದು ಸಣ್ಣ ಕಮಾನು ಕಟ್ಟಿ.

ಕೊನೆಗೆ, ಪ್ರತಿ ಲೇನ್‌ಗೂ 3 ಆಂಪಿಯರ್ ಫ್ಯೂಸ್. ಬೈಕ್ ಅಂಗಡಿಯಲ್ಲೇ ಸಿಗುತ್ತೆ. ಒಮ್ಮೆ ನಮ್ಮ ಸ್ಕ್ರೂಡ್ರೈವರ್ ಪಟ್ಟಿಗಳ ಮೇಲೆ ಬಿದ್ದು, ಆ ತೆಳು ವೈರ್‌ನ ಪ್ಲಾಸ್ಟಿಕ್ ಕರಗಿತ್ತು. ಎಸ್‌ಎಂಪಿಎಸ್‌ನ 230 ವೋಲ್ಟ್ ಕಡೆಗೆ ಮುಚ್ಚಳ ಮತ್ತು ಅರ್ಥಿಂಗ್ ಇಲ್ಲದೆ ಮಕ್ಕಳ ಹತ್ತಿರ ಇಡಲೇಬೇಡಿ.

ಒಂದು ತಿಂಗಳ ಮೇಲೆ ಅದೇ ಶಾಲೆಗೆ ಮತ್ತೆ ಹೋದ್ವಿ. ಮಕ್ಕಳ ಎದುರೇ ಎರಡೂ ಲೇನ್ ಮೇಲೆ ಬಲ್ಬ್ ಇಟ್ಟು ತೋರಿಸಿ, "ಹೋದ ಸಲ ತಪ್ಪು ನಮ್ಮದು" ಅಂತ ಹೇಳಿದ್ವಿ. ಆ ಹುಡುಗಿ ಬೇಕು ಅಂತಲೇ ಎರಡನೇ ಲೇನ್ ತಗೊಂಡ್ಲು. ಮೊದಲ ಆಟ ಗೆದ್ಲು. ಎರಡನೇದರಲ್ಲಿ ಜೋರಾಗಿ ಒತ್ತಿ ಕಾರು ಹಾರಿಸಿ, ನಗ್ತಾ, "ಈ ಸಲ ನಂದೇ ತಪ್ಪು ಅಣ್ಣ" ಅಂದ್ಲು.

ಟ್ರ್ಯಾಕ್ ಈಗ ನಮ್ಮ ಲ್ಯಾಬ್ ಪಕ್ಕದ ರೂಮಿನಲ್ಲಿದೆ. ಬನ್ನಿ, ಆಡಿ. ಬಲ್ಬ್ ಕೂಡ ಅಲ್ಲೇ ಇದೆ, ಅನುಮಾನ ಬಂದ್ರೆ ಇಟ್ಟು ನೋಡಿ.